ಗುಂಗುರು ಕೂದಲಿನ ಮರಿಗೆ ಮನೆಯಲ್ಲೇ ಕಟಿಂಗೋ, ಪಾರ್ಲರೋ, ವ್ಯಾನೋ?

ಪೂಡಲ್, ಬಿಷಾನ್, ಕಾಕಪೂ, ಲ್ಯಾಬ್ರಡೂಡಲ್, ಇಂಥ ಗುಂಗುರು ಕೂದಲಿನ ಯಾವುದೇ ನಾಯಿಮರಿ ತಂದವರು ಎರಡು ಮೂರು ತಿಂಗಳಲ್ಲಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. "ಪಾರ್ಲರ್‌ಗೆ ಕೊಡೋದಾ, ಕಟಿಂಗ್ ಮಷೀನ್ ತಗೊಂಡು ಮನೇಲೇ ಮಾಡೋದಾ?" ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ನಾಯಿ ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ ನನ್ನನ್ನು ಇದನ್ನು ಕೇಳಿದವರು ಬಹಳ ಮಂದಿ. ನಮ್ಮ ಜೋನಿಗೆ ಈಗ ಮೂರು ವರ್ಷ. ಮಿನಿಯೇಚರ್ ಪೂಡಲ್, ಬಣ್ಣ ಮಲೆನಾಡಿನ ಸಾಗರದ ಕಡೆಯ ನೀರುಬೆಲ್ಲದ್ದು, ಅಂದರೆ ಜೋನಿಬೆಲ್ಲದ್ದು, ಹೆಸರೂ ಅಲ್ಲಿಂದಲೇ ಬಂತು. ಈ ಮೂರು ವರ್ಷದಲ್ಲಿ ಪಾರ್ಲರ್, ಮನೆ ಬಾಗಿಲಿಗೆ ಬರುವ ವ್ಯಾನ್, ಬರೀ ಕತ್ತರಿ, ಮಷೀನ್ ನಾಲ್ಕನ್ನೂ ಮಾಡಿ ನೋಡಿದ್ದೇವೆ. ಯಾವುದು ಯಾರಿಗೆ ಹೊಂದುತ್ತದೆ ಎಂಬುದನ್ನು ಒಮ್ಮೆ ವಿವರವಾಗಿ ಬರೆದಿಡುತ್ತೇನೆ.

ಅದಕ್ಕೂ ಮುಂಚೆ ಈ ಪ್ರಶ್ನೆಯನ್ನೇ ಎರಡಾಗಿ ಒಡೆಯಬೇಕು. ಬಾಚುವುದು ಬೇರೆ, ಕತ್ತರಿಸುವುದು ಬೇರೆ. ಕತ್ತರಿಸುವ ಕೆಲಸವನ್ನು ದುಡ್ಡು ಕೊಟ್ಟು ಯಾರ ಕೈಯಲ್ಲಾದರೂ ಮಾಡಿಸಬಹುದು. ಬಾಚುವುದು ಮಾತ್ರ ಮನೆಯವರದೇ ಕೆಲಸ. ಆರು ವಾರಕ್ಕೊಮ್ಮೆ ನಾಯಿಯನ್ನು ನೋಡುವವರು ಅದನ್ನು ಮಾಡಿಕೊಡಲಾರರು.

ಕಾರಣ ಕೂದಲಿನಲ್ಲೇ ಇದೆ. "ಈ ಜಾತಿಯದು ಕೂದಲೇ ಉದುರಲ್ಲ" ಅಂತ ಹೇಳಿ ಮರಿ ಮಾರುತ್ತಾರೆ. ಉದುರುತ್ತದೆ, ಆದರೆ ನೆಲಕ್ಕೆ ಬೀಳುವುದಿಲ್ಲ. ಉದುರಿದ ಎಳೆ ಪಕ್ಕದ ಸುರುಳಿಯೊಳಗೇ ಸಿಕ್ಕಿಕೊಂಡು ಕೂರುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು ಸೇರಿ ಸಿಕ್ಕಾಗುತ್ತದೆ, ಸಿಕ್ಕು ಗಂಟಾಗುತ್ತದೆ, ಗಂಟು ಜಟೆ ಕಟ್ಟುತ್ತದೆ. ಜೊತೆಗೆ ನಮ್ಮ ತಲೆಗೂದಲಿನ ಹಾಗೆ ಅದು ಬೆಳೆಯುತ್ತಲೇ ಇರುತ್ತದೆ. ಮಿಶ್ರ ತಳಿ ತಂದವರಿಗೆ ಇನ್ನೊಂದು ಗೊಂದಲವಿದೆ. ನಾಯಿಗಳ ಮೈಗೂದಲಿನ ಬಹುಪಾಲು ವೈವಿಧ್ಯಕ್ಕೆ ಮೂರೇ ಜೀನ್‌ಗಳು ಕಾರಣ ಎಂದು 2009ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು: ಉದ್ದಕ್ಕೆ ಒಂದು, ಸುರುಳಿಗೆ ಒಂದು, ಮೀಸೆ ಹುಬ್ಬಿಗೆ ಒಂದು. ಹಾಗಾಗಿ ಒಂದೇ ಸೂಲಿನ ಲ್ಯಾಬ್ರಡೂಡಲ್ (ಲ್ಯಾಬ್ರಡಾರ್, ಪೂಡಲ್ ಬೆರಕೆ) ಮರಿಗಳಲ್ಲಿ ಒಂದಕ್ಕೆ ಪೂಡಲಿನ ಗುಂಗುರು, ಇನ್ನೊಂದಕ್ಕೆ ಬರೀ ಅಲೆಯಲೆ ಕೂದಲು ಬರಬಹುದು. ಪಕ್ಕದ ಮನೆಯ ಲ್ಯಾಬ್ರಡೂಡಲಿಗೆ ವಾರಕ್ಕೊಂದು ಸಲ ಬಾಚಿದರೆ ಸಾಕು ಅಂತ ನಿಮ್ಮದಕ್ಕೂ ಸಾಕಾಗಲಿಕ್ಕಿಲ್ಲ.

ಯಾವುದನ್ನೆಲ್ಲ ಅಳೆದು ನೋಡಬೇಕು

ಮೊದಲನೆಯದು ಉದ್ದ. ಗೊಂಬೆಯಂಥ ಎರಡು ಇಂಚಿನ ಕೂದಲು ಬೇಕೋ, ಬೆರಳುಗುರಿನಷ್ಟು ಗಿಡ್ಡ ಸಾಕೋ? ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಎರಡು ಇಂಚು ಬಿಟ್ಟರೆ ದಿನ ಬಿಟ್ಟು ದಿನ ಇಪ್ಪತ್ತು ನಿಮಿಷ ಬಾಚಬೇಕು, ಅರ್ಧ ಇಂಚಿಗೆ ಇಳಿಸಿದರೆ ವಾರಕ್ಕೆರಡು ಸಲ ಹತ್ತು ನಿಮಿಷ ಸಾಕು. ನಿಮ್ಮ ವಾರದಲ್ಲಿ ಎಷ್ಟು ಹೊತ್ತು ನಿಜಕ್ಕೂ ಸಿಗುತ್ತದೆ ಅಂತ ಪ್ರಾಮಾಣಿಕವಾಗಿ ಲೆಕ್ಕ ಹಾಕಿ, ಆಮೇಲೆ ಉದ್ದ ನಿರ್ಧರಿಸಿ. ಬಹಳ ಜನ ಚಂದದ ಫೋಟೋ ನೋಡಿ ಉದ್ದ ಬಿಡುತ್ತಾರೆ, ನೋವು ಮರಿಗಾಗುತ್ತದೆ.

ಎರಡನೆಯದು ಮರಿಯ ವಯಸ್ಸು. ಇದರಲ್ಲಿ ಒಂದು ಇಕ್ಕಟ್ಟಿದೆ. ಲಸಿಕೆಯ ಸರಣಿ ಆರೆಂಟು ವಾರಕ್ಕೆ ಶುರುವಾಗಿ ಸುಮಾರು ಹದಿನಾರು ವಾರದವರೆಗೆ ನಡೆಯುತ್ತದೆ. ಅಲ್ಲಿಯವರೆಗೆ ಹತ್ತು ನಾಯಿಗಳು ಬಂದು ಹೋಗುವ ಟೇಬಲ್ಲಿನ ಮೇಲೆ ಮರಿಯನ್ನು ನಿಲ್ಲಿಸುವುದು ಬೇಡ, ಪಾರ್ವೋ ಎಂಬ ಮಾರಕ ವಾಂತಿಭೇದಿ ರೋಗ ಹಾಗೇ ಹರಡುತ್ತದೆ. ಆದರೆ ಹೊಸ ಸದ್ದು, ಹೊಸ ಸ್ಪರ್ಶಗಳನ್ನು ಹೆದರದೆ ಒಪ್ಪಿಕೊಳ್ಳುವುದನ್ನು ಮರಿ ಕಲಿಯುವುದು ಮೂರನೇ ವಾರದಿಂದ ಹದಿನಾಲ್ಕನೇ ವಾರದೊಳಗೆ. ಪಾರ್ಲರಿನ ಬಾಗಿಲು ತೆರೆಯುವ ಹೊತ್ತಿಗೆ ಕಲಿಯುವ ಕಾಲ ಮುಗಿಯುತ್ತಾ ಬಂದಿರುತ್ತದೆ. ಆದ್ದರಿಂದ ಮುಂದೆ ಯಾವ ದಾರಿ ಹಿಡಿದರೂ ಮೊದಲ ಎರಡು ತಿಂಗಳು ಮನೆಯೇ ಪಾರ್ಲರ್. ಕಾಲ್ಬೆರಳು ಹಿಡಿಯುವುದು, ಕಿವಿ ಎತ್ತಿ ನೋಡುವುದು, ಗಲ್ಲ ಹಿಡಿದು ಬಾಚಣಿಗೆ ತಾಗಿಸುವುದು, ಮಷೀನನ್ನು ಆನ್ ಮಾಡಿ ಬ್ಲೇಡು ತಾಗದ ಹಾಗೆ ಅದರ ಹಿಂಬದಿಯನ್ನು ಬೆನ್ನಿಗೆ ಒತ್ತಿ ಹಿಡಿಯುವುದು, ಪ್ರತಿಯೊಂದಕ್ಕೂ ಒಂದು ಚೂರು ಬೇಯಿಸಿದ ಕೋಳಿ. ಮೂರು ನಿಮಿಷ ಸಾಕು, ಆದರೆ ದಿನಾ ಆಗಬೇಕು.

ಮಿಕ್ಕವು ಮರಿಯ ಸ್ವಭಾವ, ನಿಮ್ಮ ಊರು ಮತ್ತು ದುಡ್ಡು. ಅವು ಮುಂದೆ ಒಂದೊಂದು ದಾರಿಯ ಜೊತೆಗೇ ಬರುತ್ತವೆ.

ಬಾಚುವುದಕ್ಕೆ ಏನು ಕೊಳ್ಳಬೇಕು

ಜೋನಿಗೆ ಎಂಟು ತಿಂಗಳಾದಾಗ ಆದದ್ದನ್ನು ಹೇಳಿಬಿಡುತ್ತೇನೆ. ನಾನು ದಿನಾ ಬ್ರಷ್ ಮಾಡುತ್ತಿದ್ದೆ, ಮೈ ಹತ್ತಿಯ ಹಾಗೆ ಉಬ್ಬಿಕೊಂಡು ಕಾಣುತ್ತಿತ್ತು. ಪಾರ್ಲರಿನ ಹುಡುಗ ಸ್ಟೀಲ್ ಬಾಚಣಿಗೆಯನ್ನು ಮುಂಗಾಲಿನ ಕಂಕುಳಿಗೆ ಇಳಿಸಿದ. ಅದು ಅರ್ಧ ಇಂಚು ಹೋಗಿ ನಿಂತುಬಿಟ್ಟಿತು. "ಮೇಡಂ, ಬ್ರಷ್ ಮೇಲ್ಮೇಲೆ ಓಡಾಡಿದೆ, ಬುಡಕ್ಕೆ ಹೋಗೇ ಇಲ್ಲ" ಅಂದ. ಹಾರ್ನೆಸ್ ಉಜ್ಜುವ ಎದೆ, ಕಂಕುಳು, ಕಿವಿಯ ಹಿಂದೆ, ಎಲ್ಲ ಕಡೆಯೂ ಅದೇ ಕಥೆ. ಮಷೀನ್ ಹಿಡಿದಾಗ ಕೂದಲು ಬಿಡಿಬಿಡಿಯಾಗಿ ಬೀಳಲಿಲ್ಲ, ಕಂಬಳಿಯ ಹಾಗೆ ಒಂದೇ ಹಾಳೆಯಾಗಿ ಎದ್ದು ಬಂತು. ಕೆಳಗೆ ಕೆಂಪಾದ ತೊಗಲು. ಅಷ್ಟು ದಿನ ಜೋನಿ ಅದನ್ನು ಹೊತ್ತುಕೊಂಡೇ ನನ್ನ ಮಡಿಲಿಗೆ ಬಂದು ಮಲಗುತ್ತಿದ್ದ ಎಂದು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಆ ವಯಸ್ಸೇ ಅಂಥದು. ಮರಿಗೂದಲು ಹೋಗಿ ದೊಡ್ಡ ನಾಯಿಯ ಒರಟು ಕೂದಲು ಬರುವ ಕಾಲ, ಬಹುತೇಕ ಪೂಡಲ್‌ಗಳಿಗೆ ಒಂಬತ್ತು ತಿಂಗಳಿನಿಂದ ವರ್ಷದ ಆಸುಪಾಸು, ಕೆಲವಕ್ಕೆ ಇನ್ನೂ ಹಿಂದೆ ಮುಂದೆ. ಎರಡೂ ಬಗೆಯ ಕೂದಲು ಒಟ್ಟಿಗಿದ್ದಾಗ ರಾತ್ರಿ ಬೆಳಗಾಗುವುದರೊಳಗೆ ಗಂಟು ಬೀಳುತ್ತದೆ. ಆ ಮೂರು ನಾಲ್ಕು ತಿಂಗಳು ಕೂದಲನ್ನು ಗಿಡ್ಡ ಮಾಡಿಸಿಡುವುದೇ ಒಳ್ಳೆಯದು ಎಂದು ಯಾರು ಕೇಳಿದರೂ ಹೇಳುತ್ತೇನೆ.

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ಉದ್ದ ಕಡ್ಡಿಯ ತುದಿಗೆ ಗುಂಡಿರುವ ಪಿನ್ ಬ್ರಷ್ ಇಳಿಬಿದ್ದ ರೇಷ್ಮೆಗೂದಲಿನ ನಾಯಿಗಳಿಗೆ ಸರಿ, ಗುಂಗುರಿನ ಮೇಲೆ ಜಾರುತ್ತದೆ. ನಾನು ಬಳಸುತ್ತಿದ್ದದ್ದು ಅದನ್ನೇ. ಬಾಗಿದ ಸಣ್ಣ ತಂತಿಗಳ ಸ್ಲಿಕರ್ ಬ್ರಷ್ ಗುಂಗುರಿಗೆ ಸರಿಯಾದದ್ದು. ಮರಿಗಾದರೆ ಮೆತ್ತನೆಯದನ್ನೇ ಕೇಳಿ, ಕೊಳ್ಳುವ ಮುಂಚೆ ನಿಮ್ಮ ಮುಂಗೈ ಒಳಭಾಗಕ್ಕೆ ಎಳೆದು ನೋಡಿ. ನಿಮಗೆ ಗೀರಿದ್ದು ಮರಿಗೂ ಗೀರುತ್ತದೆ. ಒತ್ತಿ ಒತ್ತಿ ಬಾಚಿದರೆ ತೊಗಲು ಉರಿಯುತ್ತದೆ. ಮೂರನೆಯದು ಅರ್ಧ ಅಗಲ ಹಲ್ಲು, ಅರ್ಧ ಒತ್ತು ಹಲ್ಲಿನ ಸ್ಟೀಲ್ ಬಾಚಣಿಗೆ. ಒಂದಕ್ಕೇ ದುಡ್ಡಿದ್ದರೆ ಇದನ್ನೇ ಕೊಳ್ಳಿ. ನಾನು ಮುನ್ನೂರು ರೂಪಾಯಿ ಕೊಟ್ಟಿದ್ದೆ. ಬ್ರಷ್ ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂದು ತಿಳಿಯುವುದು ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಹೊರಟಾಗ ಮಾತ್ರ. ಹೇನು ತೆಗೆಯುವ ಸೀರಣಿಗೆಯಂಥದ್ದು ಕಣ್ಣಂಚಿನ ಪಿಸರು ತೆಗೆಯಲು, ಉಣ್ಣಿ ಹುಡುಕಲು ಸಾಕು, ಮೈಗೆ ಬೇಡ.

ಬಾಚುವ ಕ್ರಮವನ್ನು ನನಗೆ ಕಲಿಸಿದ್ದು ನಮ್ಮ ಅತ್ತೆ. ಬೋಳಾಗಿ ಬಂದ ಜೋನಿಗೆ ಮತ್ತೆ ಕೂದಲು ಬಂದಾಗ ಸಾಗರದಿಂದ ಬಂದಿದ್ದರು. ನಾನು ಬುಡದಿಂದಲೇ ಎಳೆಯುವುದನ್ನು ನೋಡಲಾರದೆ ಬಾಚಣಿಗೆ ಕಿತ್ತುಕೊಂಡರು. "ಬುಡ ಗಟ್ಟಿ ಹಿಡ್ಕೋ, ತುದಿಯಿಂದ ಬಿಡಿಸ್ತಾ ಬಾ. ಹೆಣ್ಣುಮಕ್ಕಳ ಜಡೆ ಸಿಕ್ಕು ಬಿಡಿಸಿಲ್ವಾ ನೀನು?" ಎಡಗೈಯಲ್ಲಿ ಗಂಟಿನ ಕೆಳಗಿನ ಬುಡ ಹಿಡಿದುಕೊಂಡರೆ ಎಳೆತ ತೊಗಲಿಗೆ ತಾಗುವುದಿಲ್ಲ. ಬಲಗೈಯಲ್ಲಿ ತುದಿಯ ಕಾಲಿಂಚು ಬಿಡಿಸಿ, ಆಮೇಲೆ ಅದರ ಹಿಂದಿನ ಕಾಲಿಂಚು. ಪಾರ್ಲರಿನವರು ಇದಕ್ಕೆ ಇನ್ನೊಂದನ್ನು ಸೇರಿಸುತ್ತಾರೆ: ಬೈತಲೆ ತೆಗೆಯುವ ಹಾಗೆ ಕೂದಲನ್ನು ಗೆರೆ ಗೆರೆಯಾಗಿ ಸೀಳಿ, ತೊಗಲು ಕಾಣುವ ಹಾಗೆ ಒಂದು ಪದರ ಬಾಚಿ, ಅದರ ಮೇಲಿನ ಪದರವನ್ನು ಕೆಳಗಿಳಿಸುವುದು. ಕಾಲಿನ ಬುಡದಿಂದ ಶುರುಮಾಡಿ ಬೆನ್ನಿಗೆ ಏರಬೇಕು. ಕಡಲೆಬೇಳೆಯಷ್ಟು ಗಂಟಿದ್ದರೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಿನಲ್ಲಿ ಹಿಂಜಿದರೆ ಸಡಿಲವಾಗುತ್ತದೆ. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕೊರಳಪಟ್ಟಿಯ ಕೆಳಗೆ, ಬಾಲದ ಬುಡ, ಗಡ್ಡ, ಈ ಆರು ಜಾಗ ನೋಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಮಳೆಗಾಲ ಮುಗಿದ ಮೇಲೆ ಖಾಲಿ ಸೈಟಿನ ಹುಲ್ಲಿನಲ್ಲಿ ಓಡಾಡಿಸುವವರು ಬೆರಳ ಸಂದಿನಲ್ಲಿ ಉತ್ತರಾಣಿ ಬೀಜ ಸಿಕ್ಕಿಕೊಂಡಿದೆಯೇ ಎಂದೂ ನೋಡಿ.

ಸ್ನಾನಕ್ಕೆ ಮುಂಚೆ ಬಾಚಬೇಕು, ಇದು ಕಟ್ಟುನಿಟ್ಟು. ಗಂಟಿನ ಮೇಲೆ ನೀರು ಬಿದ್ದು ಒಣಗಿದರೆ ಅದು ಇನ್ನಷ್ಟು ಬಿಗಿಯುತ್ತದೆ. ನಮ್ಮ ಶಾಂಪೂ ಬೇಡ, ನಾಯಿಯ ತೊಗಲಿನ ಆಮ್ಲೀಯತೆ ನಮ್ಮದಕ್ಕಿಂತ ಕಡಿಮೆ, ಅದಕ್ಕೆಂದೇ ಮಾಡಿದ್ದನ್ನು ಬಳಸಿ.

ಮಷೀನ್ ತಂದು ಎಲ್ಲವನ್ನೂ ಮನೆಯಲ್ಲೇ ಮಾಡುವುದು

ಈಗ ನಾವಿರುವುದು ಈ ದಾರಿಯಲ್ಲಿ. ಪಾರ್ಲರ್, ವ್ಯಾನ್ ಎರಡಕ್ಕಿಂತಲೂ ಇದು ಅಗ್ಗ. ತಂತಿಯಿಲ್ಲದ ಮಷೀನಿಗೆ ಮೂರೂವರೆ ಸಾವಿರ, ಸ್ಲಿಕರ್, ಬಾಚಣಿಗೆ, ಮೊಂಡು ತುದಿಯ ಕತ್ತರಿ, ನೇಲ್ ಕಟರ್, ಶಾಂಪೂ ಎಲ್ಲ ಸೇರಿ ಮೊದಲ ವರ್ಷ ನಮಗೆ ಆರು ಸಾವಿರದ ಒಳಗೇ ಆಯಿತು. ಆಮೇಲೆ ಬ್ಲೇಡ್ ಎಣ್ಣೆ ಮತ್ತು ಶಾಂಪೂ ಅಷ್ಟೇ.

ಬೆಲೆ ಹೆಚ್ಚಿನ ಮಷೀನುಗಳಿಗೆ ಬಿಚ್ಚಿ ಹಾಕುವ ಬ್ಲೇಡುಗಳು ಬರುತ್ತವೆ. ಅವುಗಳ ನಂಬರ್ ಹೆಚ್ಚಾದಷ್ಟೂ ಕೂದಲು ಗಿಡ್ಡ: 10ನೇ ನಂಬರ್ ಸುಮಾರು 1.5 ಮಿ.ಮೀ. ಬಿಡುತ್ತದೆ, 7ಎಫ್ ಸುಮಾರು 3, 5ಎಫ್ ಸುಮಾರು 6, 4ಎಫ್ ಒಂಬತ್ತೂವರೆ. ಒಂದೇ ಚಿಕ್ಕ ನಾಯಿಗೆ ಇದು ಬೇಕಿಲ್ಲ. ಪ್ಲಾಸ್ಟಿಕ್ ಹಲ್ಲಿನ ಕವಚ ಹಾಕುವ ಸಾಧಾರಣ ಮಷೀನಿನಲ್ಲಿ 9 ಅಥವಾ 12 ಮಿ.ಮೀ. ಇಟ್ಟರೆ ಸಾಕು. ಆದರೆ ಆ ಕವಚ ಒಂದು ಸಣ್ಣ ಗಂಟಿಗೂ ಸಿಕ್ಕಿ ನಿಲ್ಲುತ್ತದೆ. ಬಾಚಿ, ಸ್ನಾನ ಮಾಡಿಸಿ, ಬಾಚುತ್ತಲೇ ಪೂರ್ತಿ ಒಣಗಿಸಿ ಕೂದಲು ನೆಟ್ಟಗೆ ನಿಂತ ಮೇಲೆ ಮಾತ್ರ ಅದು ಸಮವಾಗಿ ಓಡುತ್ತದೆ. ಒದ್ದೆ ಸುರುಳಿಯ ಮೇಲೆ ಓಡಿಸಿದರೆ ಒಣಗಿದಾಗ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಒಣಗಿಸಲು ನಮ್ಮ ಹೇರ್ ಡ್ರೈಯರ್ ತಣ್ಣನೆ ಗಾಳಿಯಲ್ಲಿ ನಡೆಯುತ್ತದೆ, ಹೊತ್ತು ಮಾತ್ರ ಹಿಡಿಯುತ್ತದೆ. ಗಂಡಸರ ಗಡ್ಡದ ಟ್ರಿಮ್ಮರ್ ಈ ದಟ್ಟ ಕೂದಲಿನಲ್ಲಿ ಕಟ್ಟಿಕೊಂಡು ಎಳೆಯುತ್ತದೆ, ಅದನ್ನು ಮುಟ್ಟಲೇಬೇಡಿ.

ಎಚ್ಚರ ಬೇಕಾದದ್ದು ಬ್ಲೇಡಿನ ಬಿಸಿಯಲ್ಲಿ. ಐದು ನಿಮಿಷಕ್ಕೊಮ್ಮೆ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ, ಬಿಸಿಯಾಗಿದ್ದರೆ ನಿಲ್ಲಿಸಿ. ಹೊಟ್ಟೆ ಮತ್ತು ತೊಡೆಸಂದಿನ ತೊಗಲು ಬಹಳ ತೆಳು. ಮೊದಲ ಸಲ ನನಗೆ ಮೂರು ಗಂಟೆ ಹಿಡಿಯಿತು, ಅದನ್ನು ಎರಡು ದಿನಕ್ಕೆ ಹಂಚಿದ್ದೆ. ಒಂದು ದಿನ ಮೈ, ಮರುದಿನ ಕಾಲು, ಮುಖ. ಈಗ ಒಂದೂವರೆ ಗಂಟೆಯ ಕೆಲಸ. ಮೊದಲ ನಾಲ್ಕೈದು ಕಟಿಂಗ್ ಅಂಕುಡೊಂಕಾಗಿಯೇ ಇರುತ್ತವೆ. ಎರಡು ವಾರಕ್ಕೆ ಅದು ತುಂಬಿಕೊಳ್ಳುತ್ತದೆ, ನಾಯಿಗೆ ಅದರಿಂದ ಏನೂ ಆಗುವುದಿಲ್ಲ.

ಈ ದಾರಿ ಯಾರಿಗೆ? ಗಿಡ್ಡ ಕೂದಲು ಇಷ್ಟಪಡುವವರಿಗೆ, ಮನೆಯಲ್ಲಿ ಮರಿಯನ್ನು ಹಿಡಿಯಲು ಇನ್ನೊಂದು ಜೊತೆ ಕೈ ಇರುವವರಿಗೆ, ಪಾರ್ಲರ್ ದೂರವಿರುವ ಊರಿನವರಿಗೆ. ಮಷೀನಿನ ಸದ್ದಿಗೆ ನಡುಗುವ ಮರಿಗೆ ಸದ್ಯಕ್ಕೆ ಬೇಡ.

ಬರೀ ಕತ್ತರಿ

ಸದ್ದಿಲ್ಲ, ಬಿಸಿಯಿಲ್ಲ, ಖರ್ಚು ಸಾವಿರದೊಳಗೆ. ಹೆದರುಪುಕ್ಕಲ ಮರಿಗೆ ಒಳ್ಳೆಯದು. ಆದರೆ ಇಡೀ ಮೈಯನ್ನು ಕತ್ತರಿಯಲ್ಲಿ ಸಮ ಮಾಡುವುದು ಕಟಿಂಗ್ ಕಲೆಯಲ್ಲೇ ಕಷ್ಟದ ಭಾಗ, ಹೊಸಬರಿಗೆ ಬೇಗ ಬರುವುದಿಲ್ಲ. ಕಣ್ಣಿನ ಮೇಲೆ ಇಳಿಬೀಳುವ ಕೂದಲು, ಪಾದದ ಅಡಿ, ಬಾಲದ ಕೆಳಗೆ, ಈ ಮೂರಕ್ಕೆ ಮೊಂಡು ತುದಿಯ ಕತ್ತರಿ ಎಲ್ಲರ ಮನೆಯಲ್ಲೂ ಇರಬೇಕು. ಅದಕ್ಕಿಂತ ಹೆಚ್ಚಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಜಟೆಯನ್ನಂತೂ ಕತ್ತರಿಯಲ್ಲಿ ಕತ್ತರಿಸಲೇಬೇಡಿ. ಜಟೆ ತೊಗಲನ್ನು ಮೇಲಕ್ಕೆ ಎಳೆದುಕೊಂಡಿರುತ್ತದೆ, ಕೂದಲೆಂದು ಕತ್ತರಿಸಿದ್ದು ತೊಗಲಾಗಿರುತ್ತದೆ, ಹೊಲಿಗೆ ಹಾಕಿಸಬೇಕಾಗುತ್ತದೆ. ಬಿಡಿಸಲಾಗದ ಜಟೆಗೆ ಮಷೀನೇ ಸರಿ.

ಬಾಚುವುದು ಮನೆಯಲ್ಲಿ, ಕಟಿಂಗ್ ಪಾರ್ಲರಿನಲ್ಲಿ

ಉದ್ದ ಕೂದಲು, ದುಂಡು ಮುಖ, ನೀಟಾದ ಕಾಲು ಬೇಕೆನ್ನುವವರಿಗೆ ಇದೇ ದಾರಿ. ಬೆಂಗಳೂರಿನಲ್ಲಿ ನಾವು ಒಂದು ಸಲಕ್ಕೆ ಕೊಡುತ್ತಿದ್ದದ್ದು ಸಾವಿರದ ಐನೂರು. ಆರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ ಎಂಟೊಂಬತ್ತು ಸಲ, ಹದಿಮೂರು ಸಾವಿರದ ಆಸುಪಾಸು. ಗಂಟಿದ್ದರೆ ಬಿಡಿಸಲು ಬೇರೆ ಚಾರ್ಜ್. ಮನೆಯಲ್ಲಿ ಬಾಚದೆ ಪಾರ್ಲರಿಗೆ ಕೊಟ್ಟರೆ ದುಡ್ಡೂ ಹೋಗುತ್ತದೆ, ಕೂದಲೂ ಹೋಗುತ್ತದೆ, ಏಕೆಂದರೆ ಗಂಟುಗಟ್ಟಿದ ಮೈಗೆ ಬೋಳಿಸುವುದು ಬಿಟ್ಟು ಅವರಿಗೂ ಬೇರೆ ದಾರಿಯಿಲ್ಲ.

ಕೊಡುವ ಮುಂಚೆ ಕೆಲವು ಪ್ರಶ್ನೆ ಕೇಳಲೇಬೇಕು. ಕೆಲಸ ಮಾಡುವಾಗ ನಾವು ನೋಡಬಹುದೇ? ಒಣಗಿಸುವಾಗ ಮುಚ್ಚಿದ ಪಂಜರದಲ್ಲಿ ಕೂರಿಸಿ ಬಿಸಿ ಗಾಳಿ ಬಿಡುತ್ತೀರಾ, ಕೈಯಲ್ಲಿ ಹಿಡಿದು ಒಣಗಿಸುತ್ತೀರಾ? ಪಂಜರವಾದರೆ ಬೇಡ, ಅದರೊಳಗಿನ ಬಿಸಿ ನಾಯಿಯ ಪ್ರಾಣಕ್ಕೇ ಬರಬಹುದು. ಹೆದರಿದ ನಾಯಿಗೆ ಮಂಪರು ಔಷಧಿ ಕೊಡುತ್ತೀರಾ? ಡಾಕ್ಟರಲ್ಲದವರು ಕೊಡುವುದಾದರೆ ಅಲ್ಲಿಂದ ಎದ್ದು ಬನ್ನಿ. ಲಸಿಕೆ ಕಾರ್ಡ್ ನೋಡಿಯೇ ಒಳಗೆ ಬಿಡುವ ಪಾರ್ಲರ್ ಒಳ್ಳೆಯ ಲಕ್ಷಣ. ಕಿವಿಯೊಳಗಿನ ಕೂದಲನ್ನು ರೂಢಿಯಂತೆ ಕೀಳುವವರಿದ್ದಾರೆ. ಕಿವಿ ಚೆನ್ನಾಗಿದ್ದರೆ ಅದನ್ನು ಕೀಳುವುದು ಬೇಡ ಎಂದು ನಮ್ಮ ಡಾಕ್ಟರ್ ಹೇಳಿದ್ದಾರೆ, ನಾನು ಮೊದಲೇ ತಿಳಿಸಿಬಿಡುತ್ತೇನೆ. ಮನೆಗೆ ಬಂದ ಮೇಲೆ ಬೆರಳ ಸಂದು, ಕಿವಿಯ ಅಂಚು ಸವರಿ ಉಣ್ಣಿ ಹತ್ತಿದೆಯೇ ನೋಡಿ. ನಮ್ಮ ಕಡೆ ಉಣ್ಣಿಯಿಂದ ಹರಡುವ ಜ್ವರಕ್ಕೆ ಎಷ್ಟೋ ನಾಯಿಗಳು ಸೊರಗುತ್ತವೆ.

ಮನೆ ಬಾಗಿಲಿಗೆ ಬರುವ ವ್ಯಾನ್

ನೀರು, ಡ್ರೈಯರ್, ಟೇಬಲ್ ಎಲ್ಲ ವ್ಯಾನಿನೊಳಗೇ. ಬೇರೆ ನಾಯಿಗಳ ಬೊಗಳಾಟವಿಲ್ಲ, ಕಾರಿನಲ್ಲಿ ವಾಂತಿ ಮಾಡುವ ಮರಿಗೆ ಪ್ರಯಾಣವಿಲ್ಲ, ನೀವು ಪಕ್ಕದಲ್ಲೇ ನಿಲ್ಲಬಹುದು. ನಾವು ಕೊಟ್ಟದ್ದು ಪಾರ್ಲರಿಗಿಂತ ಐನೂರು ಹೆಚ್ಚು. ಅಂದರೆ ವರ್ಷಕ್ಕೆ ಹದಿನೇಳು ಹದಿನೆಂಟು ಸಾವಿರ. ತೊಂದರೆಯೆಂದರೆ ಪ್ರತಿ ಸಲ ಒಬ್ಬರೇ ಬರುತ್ತಾರೆಂಬ ಖಾತ್ರಿಯಿಲ್ಲ, ಮರಿ ಮತ್ತೆ ಹೊಸ ಕೈಗೆ ಒಗ್ಗಬೇಕು. ಅಪಾರ್ಟ್‌ಮೆಂಟಿನಲ್ಲಿ ನಿಲ್ಲಿಸಲು ಜಾಗವೂ ಅಸೋಸಿಯೇಷನ್ನಿನ ಒಪ್ಪಿಗೆಯೂ ಬೇಕು. ಸಾಗರದ ಕಡೆ ಇಂಥ ವ್ಯಾನ್ ನಾನು ಕಂಡಿಲ್ಲ. ಲಸಿಕೆ ಮುಗಿಯದ ಮರಿಯಾದರೆ ಇದನ್ನೂ ಕರೆಸಬೇಡಿ, ಅದೇ ಟೇಬಲ್ಲಿನ ಮೇಲೆ ಬೆಳಗ್ಗೆ ಇನ್ನೊಂದು ನಾಯಿ ನಿಂತಿರುತ್ತದೆ.

ನನ್ನನ್ನು ಕೇಳಿದರೆ

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವ ಮನೆಯಾದರೆ ಗಿಡ್ಡ ಕಟಿಂಗ್, ಎರಡು ತಿಂಗಳಿಗೊಮ್ಮೆ ಪಾರ್ಲರ್ ಅಥವಾ ವ್ಯಾನ್, ಬುಧವಾರ ಭಾನುವಾರ ಹತ್ತು ನಿಮಿಷ ಬಾಚಣಿಗೆ. ಮನೆಯಲ್ಲಿ ಹಿರಿಯರಿದ್ದು ಸಂಜೆ ಟಿವಿ ಮುಂದೆ ಮರಿ ಅವರ ಮಡಿಲಲ್ಲೇ ಇರುವುದಾದರೆ ಉದ್ದ ಬಿಡುವ ಆಸೆ ಪಡಬಹುದು. ನಮ್ಮ ಅತ್ತೆ ಇದ್ದ ನಾಲ್ಕು ತಿಂಗಳು ಜೋನಿಯ ಮೈಯಲ್ಲಿ ಒಂದು ಗಂಟೂ ಇರಲಿಲ್ಲ. ಕೈ ಬಿಗಿಯಿದ್ದರೆ ಮಷೀನನ್ನೇ ಕೊಳ್ಳಿ. ಮರಿಗೆ ಆರೇಳು ತಿಂಗಳಾಗುವುದರೊಳಗೆ ಒಮ್ಮೆ ಮಾತ್ರ ಒಳ್ಳೆಯ ಪಾರ್ಲರಿಗೆ ಹೋಗಿ, ಪಕ್ಕದಲ್ಲಿ ನಿಂತು ಅವರು ಕಾಲು ಹೇಗೆ ಹಿಡಿಯುತ್ತಾರೆ, ಮುಖವನ್ನು ಯಾವ ದಿಕ್ಕಿನಿಂದ ಕತ್ತರಿಸುತ್ತಾರೆ ಎಂದು ಕಣ್ಣಾರೆ ನೋಡಿ ಬನ್ನಿ. ಆ ಸಾವಿರದ ಐನೂರು ವ್ಯರ್ಥವಲ್ಲ. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಕೂದಲು ಇಳಿಸಿಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉದ್ದ ಗುಂಗುರು ಬುಡದವರೆಗೆ ಒಣಗುವುದೇ ಇಲ್ಲ, ಕೆಳಗೆ ತೊಗಲು ಬೆಂದಂತಾಗುತ್ತದೆ, ಇಂಬಳ ಹತ್ತಿದ್ದೂ ಕಾಣುವುದಿಲ್ಲ. ಬೇಸಿಗೆಗೆಂದು ತೊಗಲು ಕಾಣುವಷ್ಟು ಬೋಳಿಸುವುದೂ ಸರಿಯಲ್ಲ, ಬಿಸಿಲು ನೇರವಾಗಿ ಸುಡುತ್ತದೆ. ಒಂದು ಸೆಂಟಿಮೀಟರ್ ಆದರೂ ಇರಲಿ.

ಉಗುರು ಮಾತ್ರ ಎಲ್ಲರೂ ಮನೆಯಲ್ಲೇ ಕಲಿಯಬಹುದು. ಜೋನಿಯದು ಕಪ್ಪು ಉಗುರು, ಒಳಗಿನ ರಕ್ತನಾಳ ಹೊರಗೆ ಕಾಣುವುದಿಲ್ಲ. ಅಕ್ಕಿಕಾಳಿನ ಅರ್ಧದಷ್ಟು ಮಾತ್ರ ಒಂದು ಸಲಕ್ಕೆ ಕತ್ತರಿಸಿ, ಕತ್ತರಿಸಿದ ಮುಖವನ್ನು ನೋಡುತ್ತಾ ಹೋಗುತ್ತೇನೆ. ನಡುವೆ ಗಾಢ ಚುಕ್ಕೆ ಕಂಡೊಡನೆ ನಿಲ್ಲಿಸಬೇಕು. ಅಕಸ್ಮಾತ್ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿದರೆ ಕೆಲವು ನಿಮಿಷದಲ್ಲಿ ನಿಲ್ಲುತ್ತದೆ.

ಪಾರ್ಲರಿಗೋ ವ್ಯಾನಿಗೋ ಹೋಗುವುದೆಂದು ತೀರ್ಮಾನಿಸಿದವರು ಅಲ್ಲಿ "ಟೆಡ್ಡಿ ಕಟ್ ಮಾಡಿ" ಎಂದಷ್ಟೇ ಹೇಳಿ ಬರಬೇಡಿ. ಒಬ್ಬರ ಟೆಡ್ಡಿ ಎರಡು ಇಂಚು, ಇನ್ನೊಬ್ಬರದು ಅರ್ಧ ಇಂಚು. ಮೈಗೆ ಎಷ್ಟು ಮಿ.ಮೀ., ಕಾಲಿಗೆ ಎಷ್ಟು, ಕಿವಿ ಬಿಡಬೇಕೋ ಇಳಿಸಬೇಕೋ, ಗಂಟು ಸಿಕ್ಕರೆ ಬೋಳಿಸುವ ಮುಂಚೆ ಫೋನ್ ಮಾಡಬೇಕೋ ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ಹೊರಡುವ ಹಿಂದಿನ ರಾತ್ರಿ ಆ ಆರು ಜಾಗಗಳಿಗೆ ಸ್ಟೀಲ್ ಬಾಚಣಿಗೆ ಇಳಿಸಿ ನೋಡಿ. ಎಲ್ಲಿಯಾದರೂ ನಿಂತರೆ ಬುಡ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತಾ ಬನ್ನಿ.